ಕೊಯ್ಯುವ ಮುನ್ನ ಒಂದು ನಿಮಿಷ

1995ರ ಫೆಬ್ರವರಿ. ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾ ನಗರದ ಆಸ್ಪತ್ರೆಯೊಂದರಲ್ಲಿ ಮಧುಮೇಹಿಯೊಬ್ಬರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಿತ್ತು. ತೆಗೆದದ್ದು ಎಡಗಾಲನ್ನು. ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲೂ ಆಪರೇಷನ್ ಥಿಯೇಟರಿನ ಹಲಗೆಯ ಮೇಲೂ ಎಡಗಾಲೆಂದೇ ಬರೆದಿತ್ತು. ಸರ್ಜನ್ ಒಳಗೆ ಬರುವಷ್ಟರಲ್ಲಿ ಅದೇ ಕಾಲನ್ನು ಸಿದ್ಧಪಡಿಸಿಟ್ಟಿದ್ದರು. ಕಡತ ನೋಡುತ್ತಿದ್ದ ನರ್ಸ್ ತಪ್ಪು ಅರಿವಾಗಿ ನಡುಗುತ್ತಾ ಅಳತೊಡಗಿದಾಗ, ಹಿಂದೆ ಸರಿಯಲಾಗದಷ್ಟು ಕೊಯ್ದಾಗಿತ್ತು. ರೋಗ ಹಿಡಿದ ಬಲಗಾಲು ಹಾಗೇ ಉಳಿದಿತ್ತಲ್ಲ, ಮುಂದೆ ಅದನ್ನೂ ತೆಗೆಯಬೇಕಾಯಿತು.

2021ರ ಮೇ ತಿಂಗಳಲ್ಲಿ ಆಸ್ಟ್ರಿಯಾದ ಫ್ರೈಸ್ಟಾಟ್‌ನಲ್ಲೂ ಇದೇ ನಡೆಯಿತು. 82 ವರ್ಷದ ವೃದ್ಧರ ಎಡಗಾಲಿನ ಬದಲು ಬಲಗಾಲಿಗೆ ಗುರುತು ಹಾಕಿದ್ದರು. ಎರಡು ದಿನಗಳ ಬಳಿಕ ಬ್ಯಾಂಡೇಜ್ ಬದಲಿಸುವಾಗಷ್ಟೇ ಗೊತ್ತಾಯಿತು. ನ್ಯಾಯಾಲಯ ಸರ್ಜನ್‌ಗೆ 2,700 ಯೂರೊ ದಂಡ ವಿಧಿಸಿ, ಅದರಲ್ಲೂ ಅರ್ಧವನ್ನು ಅಮಾನತಿನಲ್ಲಿಟ್ಟಿತು. ವೃದ್ಧರ ಪತ್ನಿಗೆ 5,000 ಯೂರೊ ಪರಿಹಾರ ಸಿಕ್ಕಿತು. ವಿಚಾರಣೆಗೆ ಮುನ್ನವೇ ಆತ ತೀರಿಕೊಂಡಿದ್ದರು.

ಇಂಥ ತಪ್ಪು ಕಸಿಯುವುದು ಒಂದು ಕಾಲನ್ನಷ್ಟೇ ಅಲ್ಲ. ಒಂದು ಕಾಲು ಉಳಿದವರು ಜೈಪುರ ಕಾಲು ಧರಿಸಿ ಗದ್ದೆಗೂ ಇಳಿಯಬಲ್ಲರು. ಎರಡೂ ಹೋದರೆ ಬಚ್ಚಲಿಗೆ ಹೋಗಲೂ ಬಸ್ಸಿನ ಮೆಟ್ಟಿಲು ಹತ್ತಲೂ ಎಷ್ಟೋ ಜನರಿಗೆ ಇನ್ನೊಬ್ಬರ ಕೈ ಬೇಕು. ಇಲ್ಲದ ಕಾಲು ಹಲವರಿಗೆ ಇದ್ದಂತೆಯೇ ನೋಯುತ್ತದೆ. ನೋಡಿಕೊಳ್ಳುವವರ ದುಡಿಮೆಯೂ ನಿಲ್ಲುತ್ತದೆ. ಮತ್ತೊಮ್ಮೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಧೈರ್ಯವೂ ಉಡುಗುತ್ತದೆ.

ಟ್ಯಾಂಪಾ, ಫ್ರೈಸ್ಟಾಟ್ ಎರಡೂ ಕಡೆ ಒಬ್ಬರ ಕೈ ತಪ್ಪಿದ್ದಕ್ಕಿಂತ ಹೆಚ್ಚಾಗಿ, ಮೊದಲ ತಪ್ಪನ್ನು ಉಳಿದವರೆಲ್ಲ ನಂಬಿದ್ದೇ ಅನಾಹುತಕ್ಕೆ ದಾರಿಯಾಯಿತು. ಹಲಗೆಯನ್ನು ನಂಬಿದರು, ಗುರುತನ್ನು ನಂಬಿದರು. ಹಾಗಾಗಿ ಗುರುತು ಹಾಕಿದರಷ್ಟೇ ಸಾಲದು. ಅರಿವಳಿಕೆಗೆ ಮುನ್ನ, ಎಚ್ಚರವಿರುವ ರೋಗಿಯ ಬಾಯಿಂದಲೇ ಯಾವ ಕಾಲು ಎಂದು ಹೇಳಿಸಬೇಕು. ಅದನ್ನು ಒಪ್ಪಿಗೆ ಪತ್ರ, ಎಕ್ಸ್‌ರೇಗಳೊಂದಿಗೆ ತಾಳೆ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಪಟ್ಟಿ ಹೇಳುವುದೂ ಇದನ್ನೇ: ಅರಿವಳಿಕೆಗೆ ಮುನ್ನ, ಕೊಯ್ಯುವ ಮುನ್ನ, ರೋಗಿಯನ್ನು ಹೊರಗೆ ಒಯ್ಯುವ ಮುನ್ನ ಎಲ್ಲರೂ ನಿಂತು, ಗಟ್ಟಿಯಾಗಿ ಹೇಳಿ, ಖಚಿತಪಡಿಸಿಕೊಳ್ಳಿ. ದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪಾಲಿಸಿ ನೋಡಿದಾಗ, ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. 'ಸರ್, ಒಂದು ನಿಮಿಷ ನಿಲ್ಲಿ' ಎಂದು ಕಿರಿಯ ನರ್ಸ್ ಹೇಳಿದರೆ ಹಿರಿಯ ಸರ್ಜನ್ ನಿಲ್ಲಬೇಕು, ಅಷ್ಟೇ.

ನಮ್ಮಲ್ಲಿ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯ ಸಾಬೀತಾಗಬೇಕೆಂದು 2005ರಲ್ಲಿ ಸ್ಪಷ್ಟಪಡಿಸಿತು. ಅದು ಸರಿಯೇ. ಜೈಲಿನ ಭಯ ತಪ್ಪನ್ನು ಮುಚ್ಚಿಡಲು ಕಲಿಸುತ್ತದೆ, ವೈದ್ಯರ ಮೇಲಿನ ಹಲ್ಲೆ ಯಾರ ಕಾಲನ್ನೂ ಉಳಿಸುವುದಿಲ್ಲ. ಆದರೆ ನೊಂದವರಿಗೆ ದಾರಿ ಗೊತ್ತಿರಬೇಕು. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡುವುದು ವೈದ್ಯರ ಕರ್ತವ್ಯ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಕಾಶವಿದೆ.

ಸರ್ಕಾರವೂ ಕೈಕಟ್ಟಿ ಕೂರಬಾರದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಖಾಸಗಿ ಆಸ್ಪತ್ರೆಯ ನೋಂದಣಿ ನವೀಕರಿಸುವಾಗ, ಥಿಯೇಟರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ನಿಜಕ್ಕೂ ಪಾಲನೆಯಾಗುತ್ತಿದೆಯೇ ಎಂದು ಅಧಿಕಾರಿಗಳು ಕಣ್ಣಾರೆ ನೋಡಬೇಕು. ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಿಗೂ ಇದೇ ನಿಯಮವಿರಲಿ. ಕೂದಲೆಳೆಯಲ್ಲಿ ತಪ್ಪಿದ ಅನಾಹುತವೂ ದಾಖಲಾಗಲಿ, ತಪ್ಪು ತೋರಿಸಿದ ಸಿಬ್ಬಂದಿಗೆ ರಕ್ಷಣೆ ಸಿಗಲಿ. ರೋಗಿಗಳೂ ಅವರ ಮನೆಯವರೂ ಸಂಕೋಚ ಬಿಟ್ಟು, 'ಡಾಕ್ಟ್ರೇ, ಯಾವ ಕಾಲಿಗೆ ಆಪರೇಷನ್? ಗುರುತು ಹಾಕಿದ್ದೀರಾ?' ಎಂದು ಕೇಳಲಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.