ಕಲಾವಿದೆಗೆ ಹಾರ ಸಾಲದು, ಸಂಬಳ ಬೇಕು

ಚಿಂಚೋಳಿ, ಸೇಡಂ, ಚಿತ್ತಾಪುರ ಭಾಗದ ತಾಂಡಾಗಳಲ್ಲಿ ದೀಪಾವಳಿ, ಹೋಳಿ ಬಂತೆಂದರೆ ಲಂಬಾಣಿ ಮಹಿಳೆಯರ ಕುಣಿತ ಕಳೆಗಟ್ಟುತ್ತದೆ. ಸರ್ಕಾರಿ ಉತ್ಸವಗಳ ಮೆರವಣಿಗೆಗೂ ಅವರಿಗೆ ಕರೆ ಬರುತ್ತದೆ. ಹಾರ, ಶಾಲು, ಪ್ರಮಾಣಪತ್ರಗಳ ಉಪಚಾರ ಮುಗಿದ ಮೇಲೆ ಅವರ ಪಾಲಿಗೆ ಉಳಿಯುವುದು ತೊಗರಿ ಹೊಲದ ಕೂಲಿ, ಇಲ್ಲವೇ ಮುಂಬೈ, ಪುಣೆಗಳತ್ತ ಗುಳೆ. ಕಲೆಯನ್ನು ಹೊಗಳುವುದಕ್ಕೂ ಕಲಾವಿದರನ್ನು ಪೋಷಿಸುವುದಕ್ಕೂ ಇರುವ ಈ ಅಂತರವನ್ನು ಅರಿಯಲು 19ನೇ ಶತಮಾನದ ಪ್ಯಾರಿಸ್ ನಗರದ ನೃತ್ಯಚರಿತ್ರೆಯನ್ನು ಗಮನಿಸುವುದು ಉಪಯುಕ್ತ.

ರೊಮ್ಯಾಂಟಿಕ್ ಬ್ಯಾಲೆಯ ಯುಗ ಆರಂಭವಾದುದು 1832ರಲ್ಲಿ, ಪ್ಯಾರಿಸ್ ಒಪೆರಾದಲ್ಲಿ ಮಾರಿ ತಾಲ್ಯೋನಿ 'ಲಾ ಸಿಲ್ಫೀಡ್' ನೃತ್ಯನಾಟಕವನ್ನು ಪ್ರದರ್ಶಿಸಿದಾಗ. 1841ರಲ್ಲಿ 'ಜಿಸೆಲ್' ಬಂತು. ಮೊದಲನೆಯದರ ಕಥೆ ಸ್ಕಾಟ್ಲೆಂಡಿನ ಹಳ್ಳಿಯದು. ಎರಡನೆಯದರ ನಾಯಕಿ ದ್ರಾಕ್ಷಿ ಬೆಳೆಯುವ ಊರಿನ ಬಡ ಹುಡುಗಿ. 1836ರಲ್ಲಿ ಫ್ಯಾನಿ ಎಲ್ಸ್ಲರ್ ಸ್ಪೇನಿನ 'ಕಚೂಚಾ' ಕುಣಿತವನ್ನು ಅದೇ ರಂಗಕ್ಕೆ ತಂದು ಮನೆಮಾತಾದಳು. ಹೀಗೆ ಜನಪದರ ಕಥೆ, ಕುಣಿತಗಳು ರಾಜಧಾನಿಯ ರಂಗವನ್ನೇರಿದವು. ಆದರೆ ಈ ಸೊಬಗಿನ ಹಿಂದೆ 1713ರಲ್ಲಿ ಸ್ಥಾಪನೆಯಾದ ನೃತ್ಯಶಾಲೆಯಿತ್ತು, ಶ್ರೇಣಿಗೆ ತಕ್ಕ ವೇತನವಿತ್ತು. 1831ರಲ್ಲಿ ಒಪೆರಾದ ಆಡಳಿತವನ್ನು ಖಾಸಗಿ ವ್ಯಕ್ತಿಗೆ ವಹಿಸಿದ ಬಳಿಕವೂ ಸರ್ಕಾರ ಸಹಾಯಧನವನ್ನು ನಿಲ್ಲಿಸಲಿಲ್ಲ.

ಈ ಚರಿತ್ರೆಯಲ್ಲಿ ಭಾರತಕ್ಕೂ ಒಂದು ಪುಟವಿದೆ. 1838ರಲ್ಲಿ ಪುದುಚೇರಿ ಸೀಮೆಯಿಂದ ಐವರು ದೇವದಾಸಿ ನರ್ತಕಿಯರು ಮೂವರು ವಾದ್ಯಗಾರರೊಡನೆ ಪ್ಯಾರಿಸ್ಸಿಗೆ ಹೋದರು. ಕವಿ, ವಿಮರ್ಶಕ ಥಿಯೋಫಿಲ್ ಗೋತಿಯೇ ಅವರಲ್ಲಿ ಅಮ್ಮಣಿ ಎಂಬಾಕೆಯ ನೃತ್ಯಕ್ಕೆ ಮಾರುಹೋದ. 'ಜಿಸೆಲ್'ನ ಕಥೆ ಹೆಣೆದವರಲ್ಲಿ ಒಬ್ಬನಾದ ಅವನೇ 1858ರಲ್ಲಿ ಕಾಳಿದಾಸನ ಶಾಕುಂತಲವನ್ನು ಬ್ಯಾಲೆಗೆ ಅಳವಡಿಸಿದ. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಂಗವೇರಿದ 'ಲಾ ಬಯಾದೇರ್'ನ ನಾಯಕಿಯೂ ದೇಗುಲದ ನರ್ತಕಿಯೇ. ಐರೋಪ್ಯರ ಕಲ್ಪನೆಯ ದೇವದಾಸಿಗೆ ಶಾಶ್ವತ ರಂಗಸ್ಥಳ ದೊರೆಯಿತು. ನಿಜವಾದ ದೇವದಾಸಿ ಅಲ್ಲಿ ಒಂದು ಋತುವಿನ ಕುತೂಹಲವಾಗಿಯೇ ಉಳಿದಳು.

ಪ್ಯಾರಿಸ್ಸಿನ ವ್ಯವಸ್ಥೆ ನಿಷ್ಕಳಂಕವಾಗಿತ್ತೆಂದು ಭಾವಿಸಬೇಕಿಲ್ಲ. ಒಪೆರಾದ ಶ್ರೀಮಂತ ಚಂದಾದಾರರಿಗೆ ನರ್ತಕಿಯರ ವಿಶ್ರಾಂತಿ ಕೋಣೆಗೂ ಪ್ರವೇಶವಿತ್ತು. ಬಡಮನೆಯ ಬಾಲೆಯರು ಅವರ 'ಆಶ್ರಯ'ಕ್ಕೆ ಈಡಾಗುತ್ತಿದ್ದರು. ಚಿತ್ರಕಾರ ದೆಗಾ ರಚಿಸಿದ ಚಿತ್ರಗಳಲ್ಲಿ ಆ ಕಪ್ಪು ಕೋಟಿನ ಗಂಡಸರು ಇಂದಿಗೂ ಕಾಣಸಿಗುತ್ತಾರೆ. ಕಾಲಕ್ರಮೇಣ ಆ ಪದ್ಧತಿ ತೊಲಗಿತು. ಶಾಲೆ ಮತ್ತು ಸಂಬಳ ಉಳಿದವು. ನಮ್ಮಲ್ಲಿ 1982ರ ಕಾಯ್ದೆ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ್ದು ಸರ್ವಥಾ ನ್ಯಾಯವೇ. ಆದರೆ ಶೋಷಣೆಯನ್ನು ನಿಷೇಧಿಸಿದ ನಾವು, ಬಡ ಹೆಣ್ಣುಮಗಳೊಬ್ಬಳು ಕಲೆಯಿಂದಲೇ ಗೌರವದಿಂದ ಬದುಕುವ ದಾರಿಯನ್ನು ತಕ್ಕಮಟ್ಟಿಗೂ ನಿರ್ಮಿಸಲಿಲ್ಲ.

ಈ ದಾರಿಗೆ ಬೇಕಾದ ಸಂಪತ್ತು ನಮ್ಮ ಭಾಗದಲ್ಲಿ ಇಲ್ಲವೆಂದಲ್ಲ. ಶಹಾಬಾದಿನ ಹಾಸುಗಲ್ಲು ನಾಡಿನ ಮನೆಮನೆಯ ನೆಲದಲ್ಲಿದೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ದೂರದ ನಗರಗಳನ್ನು ಕಟ್ಟುತ್ತಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಸಾಂಪ್ರದಾಯಿಕ ಕಲೆಗಳ ಅಭಿವೃದ್ಧಿಯೂ ಆ ಬಾಬ್ತುಗಳ ಪಟ್ಟಿಯಲ್ಲಿದೆ. ಅದೇ ವರ್ಷ ಜಾರಿಗೆ ಬಂದ 371(ಜೆ) ವಿಧಿಯ ಫಲವಾಗಿ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ.

ಕುಡಿಯುವ ನೀರು, ಆಸ್ಪತ್ರೆಗಳೇ ಸಾಲದಿರುವಾಗ ನೃತ್ಯಕ್ಕೇಕೆ ಹಣ ಎಂಬ ಆಕ್ಷೇಪ ಸಹಜ. ಆದರೆ ನಾನು ಕೇಳುತ್ತಿರುವುದು ಮತ್ತೊಂದು ಕೋಟಿಗಟ್ಟಲೆ ವೆಚ್ಚದ ಭವನವನ್ನಲ್ಲ. ನಮ್ಮ ಆಡಳಿತದಲ್ಲಿ ಗೋಡೆಗೆ ಸಿಗುವ ಅನುದಾನ ಗುರುವಿಗೆ ಸಿಗುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಇರುವ ಸರ್ಕಾರಿ ಶಾಲೆಗಳನ್ನೇ ಸಂಜೆ ಹೊತ್ತು ಬಳಸಿ, ಬಯಲಾಟದ ಭಾಗವತರನ್ನೂ ತಾಂಡಾದ ಹಿರಿಯ ನರ್ತಕಿಯರನ್ನೂ ತಿಂಗಳ ವೇತನದ ಮೇಲೆ ನೇಮಿಸಿದರೆ ಸಾಕು. ಕಲಿಯುವ ಮಕ್ಕಳಿಗೆ ಪುಟ್ಟ ವಿದ್ಯಾರ್ಥಿವೇತನ, ವರ್ಷಕ್ಕೆ ಇಂತಿಷ್ಟು ಪ್ರದರ್ಶನಗಳ ಖಾತರಿ ಇರಲಿ.

ಮಳಖೇಡದಿಂದ ಆಳಿದ ನೃಪತುಂಗನ ಆಶ್ರಯದಲ್ಲಿ 'ಕವಿರಾಜಮಾರ್ಗ' ರಚನೆಯಾಯಿತೆಂದು ಹೆಮ್ಮೆಪಡುವ ನಾವು, ಆಶ್ರಯ ಎಂಬ ಮಾತಿನ ಅರ್ಥವನ್ನೂ ಅಲ್ಲಿಂದಲೇ ಕಲಿಯಬೇಕಾಗಿದೆ. ಮುಂದಿನ ಆಯವ್ಯಯದಲ್ಲಿ ಈ ಐದು ಊರುಗಳ ಗುರುಗಳ ವೇತನಕ್ಕೆಂದೇ ಒಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯುವುದು ಅದಕ್ಕೆ ಯೋಗ್ಯ ಆರಂಭವಾದೀತು.