ಸರ್ವರ್ ಡೌನ್ ಅನ್ನೋ ಮೊದಲು ಕೇಬಲ್ ನೋಡಿ ಸ್ವಾಮಿ

"ಸರ್ವರ್ ಡೌನ್, ನಾಳೆ ಬನ್ನಿ." ದೊಡ್ಡಬಳ್ಳಾಪುರದಿಂದ ಹೊಸಕೋಟೆವರೆಗೆ, ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಅಲೆದವರಿಗೆಲ್ಲ ಈ ಮಾತು ಬಾಯಿಪಾಠ. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜೂ ಹೋಯಿತು. ನಾಳೆ ಬಂದರೂ ಅದೇ ಮಾತು.

ನಾವು ಕೇಳುವುದು ಇಷ್ಟೇ: ಕೆಟ್ಟಿರುವುದು ಸರ್ವರೇ ಅಂತ ಯಾರು ನೋಡಿದರು?

ಸರ್ವರ್ ನಿಜಕ್ಕೂ ಕೆಡುವ ದಿನಗಳಿವೆ. ರಸ್ತೆ ಅಗೆಯುವ ಜೆಸಿಬಿ ಫೈಬರ್ ಕತ್ತರಿಸುವುದೂ ಉಂಟು. ಒಪ್ಪುತ್ತೇವೆ. ಆದರೆ ಪಕ್ಕದ ಟೇಬಲ್ಲಿನ ಕಂಪ್ಯೂಟರಿನಲ್ಲಿ ಅದೇ ಕೆಲಸ ಸಲೀಸಾಗಿ ಆದರೆ ದೋಷ ಸರ್ವರಿನದಲ್ಲ, ಆ ಕೋಣೆಯದೇ.

ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸುವ ಕಡೆ ನೆಟ್‌ವರ್ಕ್ ಕಾರ್ಡ್ ಇರುತ್ತದೆ. ಕೇಬಲ್ಲಿನ ಇನ್ನೊಂದು ತುದಿ ಸ್ವಿಚ್ ಪೆಟ್ಟಿಗೆಯಲ್ಲಿ. ವೇಗ 10 ಎಂಬಿಪಿಎಸ್ಸೋ, 100 ಅಥವಾ 1000 ಎಂಬಿಪಿಎಸ್ಸೋ ಅಂತ ಇವೆರಡೂ ತಾವೇ ತೀರ್ಮಾನಿಸಿಕೊಳ್ಳುತ್ತವೆ. ಕಳಿಸುವುದು, ಪಡೆಯುವುದು ಒಟ್ಟಿಗೇ ನಡೆದರೆ ಫುಲ್ ಡ್ಯೂಪ್ಲೆಕ್ಸ್. ಸರದಿಯ ಮೇಲೆ ನಡೆದರೆ ಹಾಫ್ ಡ್ಯೂಪ್ಲೆಕ್ಸ್.

ವೇಗ ಹೆಚ್ಚಲಿ ಅಂತ ಯಾರೋ ಕಾರ್ಡನ್ನು '100 ಫುಲ್' ಅಂತ ಕಟ್ಟಿಹಾಕುತ್ತಾರೆ. ಸ್ವಿಚ್ ಆಟೊದಲ್ಲೇ ಇರುತ್ತದೆ. ಆಗ ಸ್ವಿಚ್ಚಿಗೆ ವೇಗ ಗೊತ್ತಾಗುತ್ತದೆ, ಡ್ಯೂಪ್ಲೆಕ್ಸ್ ಗೊತ್ತಾಗುವುದಿಲ್ಲ, ಹಾಫ್ ಅಂದುಕೊಳ್ಳುತ್ತದೆ. ಕಿರು ಸೇತುವೆಯ ಒಂದು ಕಡೆಯವರು ಸರದಿ ಕಾಯುತ್ತಿದ್ದಾರೆ, ಇನ್ನೊಂದು ಕಡೆಯವರು ನುಗ್ಗುತ್ತಿದ್ದಾರೆ ಅಂದರೆ ಏನಾಗುತ್ತದೋ ಅದೇ ಇಲ್ಲೂ. ಚಿಕ್ಕ ಪುಟ ತೆರೆಯುತ್ತದೆ, ಸ್ಕ್ಯಾನ್ ಮಾಡಿದ ದಾಖಲೆ ಕಳಿಸಲು ಹೋದರೆ ಅಲ್ಲೇ ನಿಲ್ಲುತ್ತದೆ. ನೋಡಿದವರಿಗೆ ಸರ್ವರ್ ಡೌನ್!

ಕೇಬಲ್ಲೂ ಕೈಕೊಡುತ್ತದೆ. 1000 ಎಂಬಿಪಿಎಸ್ ಬೇಕೆಂದರೆ ಒಳಗಿನ ಎಂಟೂ ತಂತಿ ಸರಿಯಿರಬೇಕು. ಕುರ್ಚಿಯ ಕಾಲಿಗೆ ಸಿಕ್ಕಿ ಒಂದು ತುಂಡಾದರೂ ವೇಗ ಇಳಿಯುತ್ತದೆ.

ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿದ್ದು 2011ರಲ್ಲಿ. ಅದೇ ಇಂದಿನ ಭಾರತ್‌ನೆಟ್. ಪ್ರತಿ ಪಂಚಾಯ್ತಿಗೆ 100 ಎಂಬಿಪಿಎಸ್ ಕೊಡುವ ಗುರಿ. ಬಾಗಿಲವರೆಗೆ ಅಷ್ಟು ತಂದು, ಒಳಗಿನ ಹತ್ತಡಿ ಕೇಬಲ್ಲಿನಲ್ಲಿ ಅದನ್ನು ಕೊಂದರೆ ಬಂದ ಭಾಗ್ಯವೇನು?

ಪರೀಕ್ಷೆಗೆ ಹತ್ತು ನಿಮಿಷ ಸಾಕು. ಬೇರೆ ಕೇಬಲ್ ಹಾಕಿ ನೋಡಿ. ಸ್ವಿಚ್ಚಿನ ಬೇರೆ ಕಿಂಡಿಗೆ ಸಿಕ್ಕಿಸಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್ಡ್‌ನಲ್ಲಿ 'ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್' ಆಟೊ ಇದೆಯೇ ನೋಡಿ. ಎರಡೂ ತುದಿ ಆಟೊದಲ್ಲಿರಲಿ.

ಆಪರೇಟರನ್ನು ಬೈದು ಫಲವಿಲ್ಲ. ಇದನ್ನು ಅವರಿಗೆ ಕಲಿಸಿದವರು ಯಾರು? ಕಂಪ್ಯೂಟರ್ ಕೊಳ್ಳಲು ದುಡ್ಡು ಹುಟ್ಟುತ್ತದೆ, ನೋಡಿಕೊಳ್ಳಲು ಹುಟ್ಟುವುದಿಲ್ಲ. ತಾಲ್ಲೂಕಿಗೊಬ್ಬ ತಂತ್ರಜ್ಞ ತಿಂಗಳಿಗೊಮ್ಮೆ ಪ್ರತಿ ಕಚೇರಿಗೂ ಬರಲಿ. ಕೆಲಸ ನಿಂತ ದಿನ ಕಾರಣವನ್ನೂ ವೇಳೆಯನ್ನೂ ನೋಟಿಸ್ ಬೋರ್ಡಿನಲ್ಲಿ ಬರೆಯಲಿ. ಇದು ದೊಡ್ಡ ಬೇಡಿಕೆಯೇನಲ್ಲ.

ಅಲ್ಲಿಯವರೆಗೆ ನೀವೂ ಸುಮ್ಮನೆ ವಾಪಸ್ ಬರಬೇಡಿ. ಜಗಳ ಬೇಡ, ಒಂದೇ ಒಂದು ಮಾತು ಕೇಳಿ: "ಸಾರ್, ಪಕ್ಕದ ಕಂಪ್ಯೂಟರಿನಲ್ಲಿ ಬರುತ್ತಾ, ಒಂಚೂರು ನೋಡ್ತೀರಾ?"