ಮರ್ಲಯನ್ ದಾಟಿ ಇನ್ನೊಂದಿಷ್ಟು ದೂರ

ಬೆಂಗಳೂರಿನಿಂದ ಹೊರಡುವ ಸಿಂಗಾಪುರ ಪ್ಯಾಕೇಜುಗಳಲ್ಲಿ ಮರ್ಲಯನ್ ತಪ್ಪುವುದಿಲ್ಲ. ಸಿಂಹದ ತಲೆ, ಮೀನಿನ ಮೈ, ಬಾಯಿಂದ ಚಿಮ್ಮುವ ನೀರು. ಆ ನೀರನ್ನು ಬೊಗಸೆಯಲ್ಲಿ ಹಿಡಿದಂತೆ ಒಂದು ಫೋಟೊ ತೆಗೆಸಿಕೊಂಡದ್ದೇ ತಡ, ಗೈಡು ಬಾವುಟ ಎತ್ತುತ್ತಾನೆ. ಬಸ್ಸು ಮುಸ್ತಫಾ ಅಂಗಡಿಯ ಕಡೆ ತಿರುಗುತ್ತದೆ. ಅರ್ಧ ಗಂಟೆ ತಡವಾದರೆ ಅಂಗಡಿಯೇನೂ ಓಡಿಹೋಗುವುದಿಲ್ಲ.

ಮರ್ಲಯನ್ ಪಕ್ಕದಲ್ಲೇ 2015ರಲ್ಲಿ ತೆರೆದ ಜುಬಿಲಿ ಸೇತುವೆ ಇದೆ. ಅದನ್ನು ದಾಟಿ ಎಸ್‌ಪ್ಲನೇಡ್ ಉದ್ಯಾನ ಸೇರುವುದು ವಯಸ್ಸಾದವರಿಗೂ ಸಲೀಸು: ಏರಿಲ್ಲ, ಟಿಕೆಟ್ಟಿಲ್ಲ, ಮರದ ನೆರಳುಂಟು. ಒಂದು ಕಾಲಕ್ಕೆ ಇದು ಕಡಲಂಚು. 2008ರಲ್ಲಿ ಮರೀನಾ ಅಡ್ಡಗಟ್ಟೆ ಬಂದು ಉಪ್ಪುನೀರನ್ನು ಹೊರಗೆ ನಿಲ್ಲಿಸಿದ ಮೇಲೆ ಎದುರಿಗಿರುವುದು ಸಿಹಿನೀರಿನ ಜಲಾಶಯ.

ಇಲ್ಲಿ ಎದ್ದು ಕಾಣುವುದು ಸೆನೊಟಾಫ್. ಮೊದಲ ಮಹಾಯುದ್ಧದಲ್ಲಿ ಮಡಿದ 124 ಬ್ರಿಟಿಷರ ನೆನಪಿಗೆ ಕಟ್ಟಿದ ಸ್ಮಾರಕ. 1922ರಲ್ಲಿ ಅನಾವರಣ ಮಾಡಿದವನು ವೇಲ್ಸ್ ರಾಜಕುಮಾರ. ಎರಡನೆಯ ಯುದ್ಧ ಮುಗಿದ ಮೇಲೆ ಅದರ ಇನ್ನೊಂದು ಮುಖಕ್ಕೆ 1939-1945 ಎಂದು ಸೇರಿಸಿದರು.

ಅದರ ಸಮೀಪದಲ್ಲೇ, ಗಮನಿಸದಿದ್ದರೆ ಕಣ್ತಪ್ಪಿಹೋಗುವ ಒಂದು ಫಲಕ ಭಾರತೀಯರಿಗೆ ಸಂಬಂಧಿಸಿದ್ದು. 1945ರ ಜುಲೈ 8ರಂದು ಸುಭಾಷ್‌ಚಂದ್ರ ಬೋಸರು ಇಲ್ಲಿ ಆಜಾದ್ ಹಿಂದ್ ಫೌಜಿನ ಹುತಾತ್ಮರ ಸ್ಮಾರಕಕ್ಕೆ ಅಡಿಗಲ್ಲು ಇಟ್ಟರು. ಕಟ್ಟಿಸುವ ಹೊಣೆ ಕರ್ನಲ್ ಸಿರಿಲ್ ಸ್ಟ್ರೇಸಿಯವರದು. ಮರುತಿಂಗಳೇ ಜಪಾನ್ ಸೋತಿತು, ಸೆಪ್ಟೆಂಬರಿನಲ್ಲಿ ಬ್ರಿಟಿಷರು ಮರಳಿದರು, ಮೌಂಟ್‌ಬ್ಯಾಟನ್ ಆಜ್ಞೆಯ ಮೇರೆಗೆ ಸ್ಮಾರಕವನ್ನು ಸಿಡಿಸಿ ಕೆಡವಿದರು. 1946ರ ಮಾರ್ಚಿನಲ್ಲಿ ನೆಹರೂ ಬಂದಾಗ ಅದೇ ಮೌಂಟ್‌ಬ್ಯಾಟನ್, ಆ ಜಾಗದಲ್ಲಿ ವಿಧಿವತ್ತಾಗಿ ಹೂಮಾಲೆ ಇಡಬೇಡಿ ಎಂದು ಕೇಳಿಕೊಂಡ. ನೆಹರೂ ಆ ಕಾರ್ಯಕ್ರಮ ಕೈಬಿಟ್ಟರು. ಮುಂದಿನ ವರ್ಷ ಇವರಿಬ್ಬರೇ ದೆಹಲಿಯಲ್ಲಿ ಅಧಿಕಾರ ಹಸ್ತಾಂತರಕ್ಕೆ ಕೂತರು ಎಂಬುದನ್ನು ಇಲ್ಲಿ ನಿಂತು ನೆನೆದರೆ ನಗು ಬಂದೀತು. ಫಲಕ ಬಂದದ್ದು 1995ರಲ್ಲಿ, ಯುದ್ಧ ಮುಗಿದ ಐವತ್ತನೆಯ ವರ್ಷಕ್ಕೆ.

ಬರೀ ಫಲಕವೇ, ಸ್ಮಾರಕವನ್ನೇ ಮತ್ತೆ ಕಟ್ಟಬಾರದೇ ಎಂದು ಭಾರತೀಯನಿಗೆ ಅನ್ನಿಸುವುದು ಸಹಜ. ಅದಕ್ಕೆ ಉತ್ತರ ಅದೇ ಉದ್ಯಾನದಲ್ಲಿದೆ. ಎಂಟು ಮೂಲೆಯ ಚೀನೀ ಶೈಲಿಯ ಗೋಪುರ, ಕಾವಲಿಗೆ ನಾಲ್ಕು ಸಿಂಹ: ಲಿಮ್ ಬೊ ಸೆಂಗ್ ಸ್ಮಾರಕ. ಬ್ರಿಟಿಷರ ಫೋರ್ಸ್ 136 ಎಂಬ ಗುಪ್ತಪಡೆಯಲ್ಲಿದ್ದ ಈತ ಜಪಾನಿಯರ ಕೈಗೆ ಸಿಕ್ಕು, 1944ರ ಜೂನ್ 29ರಂದು ಮಲಯದ ಬಾತು ಗಾಜಾ ಸೆರೆಮನೆಯಲ್ಲಿ ಸತ್ತ. 1942ರಲ್ಲಿ ಜಪಾನಿ ಸೇನೆ ಈ ಊರಿನ ಸಾವಿರಾರು ಚೀನೀಯರನ್ನು ಬೇರ್ಪಡಿಸಿ ಕೊಂದಿತ್ತು. ಅದೇ ಜಪಾನಿನ ನೆರವಿನಿಂದ, 1943ರ ಜುಲೈ 5ರಂದು, ಪಕ್ಕದ ಪಡಾಂಗ್ ಮೈದಾನದಲ್ಲಿ ಬೋಸರು ಸೈನಿಕರಿಗೆ ‘ದಿಲ್ಲಿ ಚಲೋ’ ಎಂದರು. ನಮ್ಮ ವೀರರೂ ಇವರ ವೀರನೂ ಎದುರು ಪಾಳಯದವರು. ಸಿಂಗಾಪುರ ಇಬ್ಬರಿಗೂ ಒಂದೇ ಉದ್ಯಾನದಲ್ಲಿ ಜಾಗ ಕೊಟ್ಟಿದೆ. ಅಷ್ಟರಮಟ್ಟಿಗೆ ಫಲಕದ ಸಣ್ಣ ಗಾತ್ರ ನ್ಯಾಯವೇ.

ಆದ್ದರಿಂದ ನಮ್ಮ ಟೂರ್ ಕಂಪನಿಗಳು ಈ ಉದ್ಯಾನವನ್ನು ಪಟ್ಟಿಗೆ ಸೇರಿಸಬೇಕು. ಆದರೆ ನೇತಾಜಿಗೆ ಜೈಕಾರ ಹಾಕಿ ಬಸ್ಸು ಹತ್ತಿಸುವುದಕ್ಕಲ್ಲ. ಗೈಡಿಗೆ ಲಿಮ್ ಬೊ ಸೆಂಗ್ ಕಥೆಯೂ ಗೊತ್ತಿರಬೇಕು. ಇನ್ನೂ ಅರ್ಧ ದಿನ ಬಿಡುವಿದ್ದವರು ಮೆಟ್ರೊ ಹಿಡಿದು ಉತ್ತರದ ಕ್ರಾಂಜಿಗೆ ಹೋಗಬಹುದು. ಅಲ್ಲಿನ ಯುದ್ಧ ಸ್ಮಾರಕದ ಗೋಡೆಗಳಲ್ಲಿ, ಸಮಾಧಿಯ ಗುರುತೂ ಸಿಗದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. ಬ್ರಿಟಿಷರ ಪರ ಹೋರಾಡಿ ಮಡಿದ ಭಾರತೀಯ ಸಿಪಾಯಿಗಳೂ ಅವರಲ್ಲಿದ್ದಾರೆ; ಅವರನ್ನು ಕೇಳಿಕೊಂಡು ಹೋಗುವ ಪ್ರವಾಸಿ ಗುಂಪುಗಳು ಇನ್ನೂ ಕಡಿಮೆ.